ಕಡಲಹಕ್ಕಿಯ ಕಾಲಿಗೊಂದು ದಿನಚರಿ

ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಹಕ್ಕಿಗಳ ಚರಿತ್ರೆಯೇ ಎಂದು ಓದುಗ ಮಿತ್ರರು ಹುಬ್ಬೇರಿಸಬಹುದು. ಆದರೆ ಈ ಚರಿತ್ರೆಯ ಒಂದು ಅಧ್ಯಾಯ ನಡೆದದ್ದು ನಾನು ವಾಸಿಸುವ ಬಾಸ್ಟನ್ನಿನಲ್ಲಿಯೇ. 1952ರ ಜೂನ್ ತಿಂಗಳಿನಲ್ಲಿ, ಬಾಸ್ಟನ್ ಸಿಂಫನಿ ವಾದ್ಯವೃಂದದ ಕ್ಲಾರಿನೆಟ್ ವಾದಕ ರೊಸಾರಿಯೊ ಮಜಿಯೊ, ವೇಲ್ಸ್ ತೀರದ ಸ್ಕೋಕಮ್ ದ್ವೀಪದಿಂದ ವಿಮಾನದಲ್ಲಿ ತಂದಿದ್ದ ಮ್ಯಾಂಕ್ಸ್ ಷಿಯರ್‌ವಾಟರ್ ಎಂಬ ಕಡಲಹಕ್ಕಿಯನ್ನು ಇಲ್ಲಿನ ವಿಮಾನ ನಿಲ್ದಾಣದಲ್ಲಿ ಹಾರಿಬಿಟ್ಟರು. ಹನ್ನೆರಡೂವರೆ ದಿನಗಳಲ್ಲಿ ಅದು ಅಟ್ಲಾಂಟಿಕ್ ಸಾಗರವನ್ನು ದಾಟಿ ತನ್ನ ಬಿಲವನ್ನು ಸೇರಿತ್ತು. ಬಿಟ್ಟ ಸುದ್ದಿಯ ಕಾಗದ ಹಕ್ಕಿಗಿಂತ ತಡವಾಗಿ ತಲುಪಿತಂತೆ! ಕಾಲಿನ ಉಂಗುರದ ಅಂಕಿಗಳಿಂದ ಗುರುತೇನೋ ಸಿಕ್ಕಿತು. ಆದರೆ ಉಂಗುರಕ್ಕೆ ತಿಳಿದಿರುವುದು ಹೊರಟ ಊರು, ಸೇರಿದ ಊರು ಎರಡೇ. ನಡುವಿನ ದಾರಿ ತಿಳಿಯದು.

ಆ ದಾರಿಯನ್ನು ಮೊದಲು ಕಾಣಿಸಿದ್ದು ಕೃತಕ ಉಪಗ್ರಹ. 1989ರಲ್ಲಿ ಪಿಯರ್ ಜೂವಾಂತಾ ಮತ್ತು ಆನ್ರಿ ವೈಮರ್‌ಸ್ಕರ್ಚ್ ಎಂಬ ಫ್ರೆಂಚ್ ವಿಜ್ಞಾನಿಗಳು ಹಿಂದೂ ಮಹಾಸಾಗರದ ದಕ್ಷಿಣದಲ್ಲಿರುವ ಕ್ರೋಜೆ ದ್ವೀಪಗಳಲ್ಲಿ ಆರು ಆಲ್ಬಟ್ರಾಸ್ ಹಕ್ಕಿಗಳ ಬೆನ್ನಿಗೆ ಟ್ರಾನ್ಸ್‌ಮಿಟರ್ ಕಟ್ಟಿದರು. ಒಂದೊಂದರ ತೂಕ 180 ಗ್ರಾಂ. ಆಹಾರ ಹುಡುಕುವ ಒಂದೇ ಸುತ್ತಿನಲ್ಲಿ ಹಕ್ಕಿಗಳು 3,600ರಿಂದ 15,000 ಕಿಲೋಮೀಟರ್‌ವರೆಗೆ ಹಾರಿದ್ದವು! ಹತ್ತು ಕಿಲೋ ತೂಗುವ ಆಲ್ಬಟ್ರಾಸ್ ಈ ಹೊರೆಯನ್ನು ಹೊತ್ತೀತು. ನೂರು ಗ್ರಾಂ ತೂಗುವ ಹಕ್ಕಿಯ ಗತಿಯೇನು?

ವೃತ್ತಿಯಿಂದ ಎಲೆಕ್ಟ್ರಾನಿಕ್ಸ್ ಇಂಜಿನಿಯರನಾದ ನನಗೆ ಈ ಪ್ರಶ್ನೆಯ ಉತ್ತರವೇ ಇಡೀ ಚರಿತ್ರೆಯಲ್ಲಿ ಹೆಚ್ಚು ಪ್ರಿಯವಾದ ಭಾಗ. ತೂಕವೆಲ್ಲ ಇರುವುದು ಬ್ಯಾಟರಿಯಲ್ಲಿ. ನೂರಾರು ಕಿಲೋಮೀಟರ್ ಮೇಲಿನ ಉಪಗ್ರಹಕ್ಕೆ ಕೂಗಿ ಹೇಳಬೇಕಾದರೆ ಶಕ್ತಿ ಬೇಕೇ ಬೇಕು. ಕೇಂಬ್ರಿಜ್‌ನಲ್ಲಿರುವ ಬ್ರಿಟಿಷ್ ಅಂಟಾರ್ಕ್ಟಿಕ್ ಸಮೀಕ್ಷಾ ಸಂಸ್ಥೆಯ ಇಂಜಿನಿಯರುಗಳು ಕೂಗುವುದನ್ನೇ ಬಿಟ್ಟ ಉಪಕರಣವನ್ನು ರೂಪಿಸಿದರು. ಒಂದು ಗಡಿಯಾರ, ಬೆಳಕನ್ನು ಅಳೆಯುವ ಒಂದು ಸಂವೇದಕ, ಒಂದಿಷ್ಟು ನೆನಪಿನ ಕೋಶ, ಪುಟ್ಟ ಬ್ಯಾಟರಿ, ಇಷ್ಟೇ. ಸೂರ್ಯೋದಯ ಮತ್ತು ಸೂರ್ಯಾಸ್ತಗಳ ನಡುವಣ ಮಧ್ಯಾಹ್ನದ ವೇಳೆಯಿಂದ ರೇಖಾಂಶ, ಹಗಲಿನ ಉದ್ದದಿಂದ ಅಕ್ಷಾಂಶ. ಪಂಚಾಂಗ ಬಲ್ಲ ನಮ್ಮ ಹಿರಿಯರಿಗೆ ಈ ಲೆಕ್ಕವನ್ನು ವಿವರಿಸಬೇಕಾಗಿರಲಿಲ್ಲ. ದೋಷಗಳೂ ಇಲ್ಲದಿಲ್ಲ. ಸ್ಥಾನ ನಿರ್ಣಯದಲ್ಲಿ ಸುಮಾರು ಇನ್ನೂರು ಕಿಲೋಮೀಟರ್ ಆಚೀಚೆ ಆಗಬಹುದು. ವಿಷುವದ ದಿನಗಳಲ್ಲಂತೂ ಎಲ್ಲೆಡೆ ಹಗಲಿರುಳು ಸಮವಾಗಿರುವುದರಿಂದ ಅಕ್ಷಾಂಶವೇ ಸಿಗದು. ಎಲ್ಲಕ್ಕಿಂತ ಮಿಗಿಲಾಗಿ, ಹಕ್ಕಿ ಮರಳಿ ಬಂದು ಕೈಗೆ ಸಿಕ್ಕಿದರೆ ಮಾತ್ರ ದಿನಚರಿಯನ್ನು ಓದಬಹುದು.

2007ರಲ್ಲಿ ಗ್ರೀನ್‌ಲೆಂಡಿನಲ್ಲಿ 50 ಧ್ರುವ ರೀವ ಹಕ್ಕಿಗಳಿಗೆ 1.4 ಗ್ರಾಂ ತೂಕದ ಇಂತಹ ಉಪಕರಣಗಳನ್ನು ತೊಡಿಸಲಾಯಿತು. ಮರುವರ್ಷ ಉಪಕರಣ ಸಿಕ್ಕಿದ್ದು ಹತ್ತರಿಂದ ಮಾತ್ರ, ಐಸ್‌ಲೆಂಡಿನಿಂದ ಇನ್ನೊಂದು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಧ್ರುವದಿಂದ ಧ್ರುವಕ್ಕೆ ಹೋಗಿಬರುವ ಅವುಗಳ ವಾರ್ಷಿಕ ಯಾನ ಸರಾಸರಿ 70,900 ಕಿಲೋಮೀಟರ್.

ಹಕ್ಕಿಗೆ ಹೊರೆ ಹೊರಿಸುವ ಹಕ್ಕು ನಮಗುಂಟೇ ಎಂದು ಕೇಳುವವರಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. ದೇಹತೂಕದ ಶೇಕಡಾ 3ನ್ನು ಮೀರಬಾರದೆಂಬ ರೂಢಿಯಿದ್ದರೂ, ಗಾಳಿಯ ಎಳೆತವನ್ನು ಆ ಲೆಕ್ಕ ಗಣಿಸುವುದಿಲ್ಲ. ಕೇವಲ ಕುತೂಹಲಕ್ಕಾಗಿ ಹಕ್ಕಿಗೆ ಒಂದು ಗ್ರಾಂ ಭಾರವೂ ಅಧಿಕವೆಂದೇ ನನ್ನ ಅಭಿಪ್ರಾಯ. ಆದರೆ ಇಲ್ಲಿ ಪಣಕ್ಕಿರುವುದು ಹಕ್ಕಿಯ ಜೀವವೇ. ಸಾವಿರಾರು ಗಾಳಗಳ ಉದ್ದನೆಯ ಹಗ್ಗಗಳನ್ನು ಬಿಡುವ ಮೀನುಗಾರಿಕೆಯಿಂದ, ಜಪಾನಿನ ಟ್ಯೂನಾ ಹಡಗುಗಳ ಗಾಳಗಳಲ್ಲೇ ವರ್ಷಕ್ಕೆ ಸುಮಾರು 44,000 ಆಲ್ಬಟ್ರಾಸ್‌ಗಳು ಸಾಯುತ್ತಿವೆಯೆಂದು 1991ರಲ್ಲಿ ನೈಜೆಲ್ ಬ್ರದರ್ಸ್ ಅಂದಾಜು ಮಾಡಿದ್ದರು. ಹಕ್ಕಿಗಳು ಯಾವ ಕಡಲಿನಲ್ಲಿ ಹಡಗುಗಳನ್ನು ಸಂಧಿಸುತ್ತವೆಂದು ತಿಳಿಯದೆ ತಡೆಯುವುದಾದರೂ ಹೇಗೆ?

2020ರಲ್ಲಿ ಅದೇ ವೈಮರ್‌ಸ್ಕರ್ಚ್ ಮತ್ತು ಸಂಗಡಿಗರು, ಹಡಗಿನ ರೇಡಾರ್ ಅಲೆಗಳನ್ನು ಗುರುತಿಸುವ 65 ಗ್ರಾಂ ಉಪಕರಣಗಳನ್ನು 169 ಆಲ್ಬಟ್ರಾಸ್‌ಗಳಿಗೆ ಕಟ್ಟಿ ಪಡೆದ ವರದಿಯನ್ನು ಪ್ರಕಟಿಸಿದರು. ಹಕ್ಕಿಗಳು 353 ಹಡಗುಗಳನ್ನು ಪತ್ತೆಹಚ್ಚಿದ್ದವು. ಯಾವ ದೇಶಕ್ಕೂ ಸೇರದ ಕಡಲಿನಲ್ಲಿ ಅವುಗಳ ಕಣ್ಣಿಗೆ ಬಿದ್ದ ಹಡಗುಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚಿನವು ತಮ್ಮ ಗುರುತು ಸಾರುವ ಸಾಧನವನ್ನು ಆರಿಸಿಕೊಂಡು ಸಾಗುತ್ತಿದ್ದವು.