ಬೇವಿನ ರೋಗ, ಬೇವಿನ ಪೇಟೆಂಟು ಮತ್ತು ಬೀಜ ಆಯುವ ಕೈ



ಹುಮನಾಬಾದಿನಿಂದ ಬಸವಕಲ್ಯಾಣದ ಕಡೆ ಹೋಗುವಾಗ ಬೇವಿನ ಮರಗಳ ತಲೆ ನೋಡ್ರಿ. ಸುತ್ತ ಹೊಲ ಹಸಿರಿದ್ದರೂ ಕೊಂಬೆಯ ತುದಿಗೆ ಬೆಂಕಿ ತಾಗಿದಂಗ ಕಂದು ಬಣ್ಣ. "ಬಿಸಿಲಿಗೆ ಒಣಗ್ಯಾದ" ಅಂತಾರ ಕೆಲವರು, "ಮರಕ್ಕೂ ಕರೋನಾ ಬಂದದ" ಅಂತಾರ ಇನ್ನು ಕೆಲವರು. ಎರಡೂ ಅಲ್ಲ. ತುದಿಯಿಂದ ಕೆಳಗೆ ಒಣಗುತ್ತಾ ಬರುವ ಶಿಲೀಂಧ್ರ ರೋಗ ಇದು. ನಮ್ಮ ರಾಜ್ಯದವರೇ ಆದ ಎಂ.ಕೆ. ಸತೀಶ್ ಮತ್ತು ಸಂಗಡಿಗರು 1997ರಲ್ಲೇ ಆ ಶಿಲೀಂಧ್ರಕ್ಕೆ ಫೋಮಾಪ್ಸಿಸ್ ಅಜಾಡಿರಾಕ್ಟೆ ಅಂತ ಹೆಸರಿಟ್ಟಿದ್ದರು. 2021ರ ಹೊತ್ತಿಗೆ ಪಕ್ಕದ ತೆಲಂಗಾಣದಲ್ಲಿ ಸಾಲುಸಾಲು ಮರ ಒಣಗಿದವು. ಮಳೆಗಾಲದಲ್ಲಿ ಹರಡುತ್ತದೆ, ಬೀಜದೊಳಗೂ ಸೇರುತ್ತದೆ. ಬಹುಪಾಲು ಮರ ಸಾಯೋದಿಲ್ಲ, ಮತ್ತೆ ಚಿಗುರುತ್ತವೆ. ಆದರೆ ಹೂ ಬಿಡುವ ಕೊಂಬೆಯೇ ಹೋದರೆ ಹಣ್ಣು ಎಲ್ಲಿಂದ ಬರಬೇಕು?

ಈ ಮರಕ್ಕಾಗಿ ಹಿಂದೆ ದೊಡ್ಡ ಹೋರಾಟವೇ ನಡೆದದ. 1994ರಲ್ಲಿ ಯುರೋಪಿನ ಪೇಟೆಂಟ್ ಕಚೇರಿ ಅಮೆರಿಕದ ಕೃಷಿ ಇಲಾಖೆ ಮತ್ತು ಡಬ್ಲ್ಯು.ಆರ್. ಗ್ರೇಸ್ ಕಂಪನಿಗೆ ಪೇಟೆಂಟು ಕೊಟ್ಟಿತು. ಯಾತಕ್ಕೆ ಗೊತ್ತೇನು? ಬೇವಿನೆಣ್ಣೆಯಿಂದ ಗಿಡಗಳ ಶಿಲೀಂಧ್ರ ತಡೆಯುವ ವಿಧಾನಕ್ಕೆ! ಅದೇ ಮರವನ್ನೇ ಇವತ್ತು ಶಿಲೀಂಧ್ರ ತಿನ್ಲಾಕತ್ತದ. 1995ರಲ್ಲಿ ವಂದನಾ ಶಿವ, ಯುರೋಪ್ ಸಂಸತ್ತಿನ ಮಗ್ದಾ ಆಲ್ವೋಟ್ ಮತ್ತು ಸಾವಯವ ಕೃಷಿಯ ಅಂತರರಾಷ್ಟ್ರೀಯ ಒಕ್ಕೂಟ ಆಕ್ಷೇಪಣೆ ಹಾಕಿದರು. 2000ದಲ್ಲಿ ಪೇಟೆಂಟು ರದ್ದಾಯಿತು. 2005ರ ಮಾರ್ಚ್ 8ರಂದು, ಮಹಿಳಾ ದಿನದಂದೇ, ಪೇಟೆಂಟುದಾರರ ಮೇಲ್ಮನವಿಯೂ ಬಿತ್ತು.

ಆ ಗೆಲುವನ್ನು ಸಣ್ಣದು ಮಾಡೋದಿಲ್ಲ. ಆದರೆ ಮ್ಯೂನಿಕ್‌ನಲ್ಲಿ ಸಾಕ್ಷಿ ನಿಂತವರು ಅಭಯ ಫಡ್ಕೆ, ಬೇವಿನ ಉತ್ಪನ್ನ ತಯಾರಿಸುತ್ತಿದ್ದ ಮಹಾರಾಷ್ಟ್ರದವರು. ತಾನು ಮೊದಲೇ ಪ್ರಯೋಗ ಮಾಡಿದ್ದೆ ಅಂತ ಅವರು ತೋರಿಸಬಲ್ಲವರಾಗಿದ್ದರು. ಕೇರಿಯ ಮುದುಕಿಯ ಹತ್ತಿರ ಅಂಥ ಕಾಗದ ಎಲ್ಲಿಂದ ಬರಬೇಕು? "ಭಾರತದ ಸಾಂಪ್ರದಾಯಿಕ ಜ್ಞಾನ" ಅನ್ನೋ ದೊಡ್ಡ ಮಾತಿನೊಳಗೆ ಅವಳ ಹೆಸರು, ಜಾತಿ, ಕೂಲಿ ಮೂರೂ ಕರಗಿಹೋದವು. (ಬೇವನ್ನು ಪವಿತ್ರ ಮರ ಅಂತ ಹೊಗಳೋರಿಗೆ ಒಂದು ಮಾತು: ಹರಕೆಯ ಹೆಸರಲ್ಲಿ ಬೇವಿನುಡುಗೆ ಉಡಿಸಿ ನಡೆಸಿದ್ದು ನಮ್ಮ ಹೆಣ್ಣುಮಕ್ಕಳನ್ನೇ. ಅದೂ ಇತಿಹಾಸವೇ.)

2015ರಿಂದ ದೇಶದ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಲೇಪನ ಕಡ್ಡಾಯ. ಆ ಎಣ್ಣೆಗೆ ಬೀಜ ಬೇಕು. ಮಳೆ ಹಿಡಿಯುವ ಹೊತ್ತಿಗೆ, ಕೈಯಲ್ಲಿ ಕೆಲಸ ಇಲ್ಲದ ದಿನಗಳಲ್ಲಿ, ಮರದಡಿ ಬಗ್ಗಿ ಹಣ್ಣು ಆಯ್ದು, ತೊಳೆದು ಒಣಗಿಸಿ ಮಾರುವವರು ನಮ್ಮ ಅವ್ವಂದಿರು. ರೋಗ ಬಿದ್ದ ವರ್ಷ ಅವರ ನಷ್ಟ ಯಾವ ರಿಜಿಸ್ಟರಿನಲ್ಲೂ ಇಲ್ಲ. ಪರಿಹಾರ ಬರುವುದು ಹೊಲದ ಬೆಳೆಗೆ, ರಸ್ತೆಯ ಮರದ ಬೀಜಕ್ಕಲ್ಲ.

ಇನ್ನೊಂದು ಭಯವೂ ಅದ. ತೆಲಂಗಾಣದಲ್ಲಿ ಕಾರ್ಬೆಂಡಾಜಿಮ್‌ನಂಥ ಔಷಧ ಬುಡಕ್ಕೆ ಸುರಿಯಿರಿ, ಕೊಂಬೆಗೆ ಸಿಂಪಡಿಸಿ ಅಂತ ಸಲಹೆ ಬಂತು. ನಮ್ಮಲ್ಲೂ ಅದೇ ಬಂದರೆ, ಕೈಗವಸು ಇಲ್ಲದೆ ಪಂಪು ಹೊತ್ತು ದೊಡ್ಡ ಮರದ ಕೆಳಗೆ ನಿಲ್ಲುವವನು ಯಾರ ಮನೆಯ ಹುಡುಗ?

ಹಂಗಾಗಿ ಮುಂದಿನ ಗ್ರಾಮಸಭೆಯಲ್ಲಿ ಕೇಳೋಣ. ಒಣಗಿದ ತುದಿ ಕತ್ತರಿಸಿ ಸುಡುವ ಕೆಲಸ ಉದ್ಯೋಗ ಖಾತ್ರಿಗೆ ಸೇರಲಿ. ನರ್ಸರಿಗೆ ರೋಗವಿಲ್ಲದ ಮರದ ಬೀಜವೇ ಹೋಗಲಿ. ಮರ ಎಣಿಸುವವರು ಬೀಜ ಆಯುವ ಹೆಂಗಸರನ್ನೂ ಎಣಿಸಲಿ. ಅದಕ್ಕೂ ಮೊದಲು ನಿಮ್ಮೂರಿನ ಬೇವಿನ ಫೋಟೋ ತೆಗೆದು, ಊರ ಹೆಸರು, ಒಣಗಲು ಶುರುವಾದ ತಿಂಗಳು ಬರೆದು ಕಳಿಸ್ರಿ. ಈ ಸಲ ಕಾಗದ ನಮ್ಮ ಹತ್ತಿರವೇ ಇರಲಿ.