ಸೋಸುವ ಪೊರೆಗೆ ಅಂಟಿದ ಸೀಸ

ಕೊಳವೆಬಾವಿಯಿಂದ ಹಿಡಿದ ತಿಳಿನೀರು ಕೊಡದಲ್ಲಿ ಒಂದು ರಾತ್ರಿ ನಿಂತು ಕೆಂಪಗಾಗುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರೆ. ನೆಲದೊಳಗೆ ಕರಗಿದ್ದ ಕಬ್ಬಿಣ ಗಾಳಿ ತಾಗಿ ತುಕ್ಕಾಗುತ್ತದೆ. ಬಾವಿಯ ಬಳಿಯೇ ಸೋಸಿದರೆ ಆ ಕಬ್ಬಿಣ ‘ಕರಗಿದ್ದು’, ಮರುದಿನ ಪ್ರಯೋಗಾಲಯದಲ್ಲಿ ಸೋಸಿದರೆ ಬರೀ ಗಸಿ. ನೀರಿನಲ್ಲಿ ಆರ್ಸೆನಿಕ್ ಇದ್ದರೆ ಅದೂ ತುಕ್ಕಿಗೆ ಅಂಟಿಕೊಂಡು ಫಿಲ್ಟರ್ ಮೇಲೆ ಉಳಿಯುತ್ತದೆ. ಸೋಸಿ ಇಳಿದ ನೀರನ್ನಷ್ಟೇ ಅಳೆದವರಿಗೆ ವಿಷ ಕಾಣುವುದೇ ಇಲ್ಲ.

ಹಾಗಾದರೆ ‘ಕರಗಿದ್ದು’ ಎಂದರೇನು? ವಾಡಿಕೆಯ ಉತ್ತರ: 0.45 ಮೈಕ್ರೋಮೀಟರ್ ರಂಧ್ರದ ಪೊರೆಯಲ್ಲಿ ಇಳಿದುಹೋಗುವುದೆಲ್ಲ. ಈ ಅಂಕಿಯನ್ನು ಲೋಹಗಳಿಗಾಗಿ ಯಾರೂ ಲೆಕ್ಕ ಹಾಕಿದ್ದಲ್ಲ. ಪೊರೆ ಫಿಲ್ಟರಿನ ಮೂಲ ಜರ್ಮನಿಯಲ್ಲಿದೆ. ಗಟಿಂಗೆನ್ನಿನ ರಿಚರ್ಡ್ ಜಿಗ್ಮಂಡಿ ಅದರ ಜನಕರಲ್ಲೊಬ್ಬರು. ಎರಡನೇ ಮಹಾಯುದ್ಧದ ನಂತರ ಅದು ಅಮೆರಿಕಕ್ಕೆ ಹೋಗಿ, ಕುಡಿಯುವ ನೀರಿನ ಬ್ಯಾಕ್ಟೀರಿಯಾ ಹಿಡಿಯುವ ಬಲೆಯಾಯಿತು. ರಸಾಯನಶಾಸ್ತ್ರಜ್ಞರು ಅದೇ ಬಲೆಯನ್ನು ಎರವಲು ಪಡೆದರು. 1974ರಲ್ಲಿ ಕೆನಡಿ, ಜೆಲ್ವೆಗರ್ ಮತ್ತು ಜೋನ್ಸ್ ಎಂಬ ವಿಜ್ಞಾನಿಗಳು ಅದರ ಸಡಿಲತನ ತೋರಿಸಿದರು: ಅಲ್ಯೂಮಿನಿಯಂ, ಕಬ್ಬಿಣಗಳ ಅತಿಸೂಕ್ಷ್ಮ ಕಣಗಳು 0.45ರ ರಂಧ್ರದಲ್ಲಿ ನುಸುಳಿ, ಫಲಿತಾಂಶ ಹತ್ತು ಪಟ್ಟು ತಪ್ಪಬಹುದು. ಅವರು 0.1ರ ಪೊರೆಯ ಪರ ವಾದಿಸಿದರು. ವಾಡಿಕೆ ಕದಲಲಿಲ್ಲ.

ಆ ದಶಕದ ದೊಡ್ಡ ಗದ್ದಲ ಮಾತ್ರ ಬೇರೆಯದು. ಅಮೆರಿಕದ ಭೂರಸಾಯನಶಾಸ್ತ್ರಜ್ಞ ಕ್ಲೇರ್ ಪ್ಯಾಟರ್ಸನ್, ಸೀಸದ ಅಳತೆಗಳಲ್ಲಿ ಬಹುಪಾಲು ನೀರಿನದ್ದಲ್ಲ, ಪ್ರಯೋಗಾಲಯದ ಧೂಳು, ಪಾತ್ರೆ, ಕೈಗಳದ್ದು ಎಂದು ಹಟ ಹಿಡಿದು ತೋರಿಸಿದರು. ಎಲ್ಲರ ಕಣ್ಣೂ ಹೊರಗಿನಿಂದ ಸೇರುವ ಕೊಳೆಯ ಮೇಲೆ ನೆಟ್ಟಿತು. ಸೋಸುವಾಗ ಪೊರೆಗೆ ಅಂಟಿ ಒಳಗಿನಿಂದ ಕಳೆದುಹೋಗುವುದರ ಕಡೆ ಗಮನ ಹರಿಯಲು ಇನ್ನಷ್ಟು ಕಾಲ ಹಿಡಿಯಿತು. ಅದು ಸಹಜವೇ. ಕೊಳೆ ಸೇರಿದರೆ ಬ್ಲ್ಯಾಂಕ್ ಪರೀಕ್ಷೆ, ಅಂದರೆ ಲೋಹವಿಲ್ಲದ ಶುದ್ಧ ನೀರನ್ನು ಅದೇ ಕ್ರಮದಲ್ಲಿ ಅಳೆಯುವುದು, ಹೇಳಿಬಿಡುತ್ತದೆ. ಕಳೆದುಹೋದ ಲೋಹದ ಬಗ್ಗೆ ಅದೇ ಬ್ಲ್ಯಾಂಕ್ ಮೌನವಾಗಿರುತ್ತದೆ, ಏಕೆಂದರೆ ಅದರಲ್ಲಿ ಕಳೆದುಕೊಳ್ಳಲು ಏನೂ ಇರುವುದಿಲ್ಲ. ಕೊಳಕು ಪ್ರಯೋಗಾಲಯದಲ್ಲಿ ಬಂದದ್ದೂ ಹೋದದ್ದೂ ಸರಿತೂಗಿ, ಅಂಕಿ ಚೆಂದವಾಗಿ ಕಾಣುವುದೂ ಉಂಟು.

1979ರಲ್ಲಿ ಟ್ರೂಯಿಟ್ ಮತ್ತು ವೆಬರ್ ಎಂಬ ಸಂಶೋಧಕರು ಸೋಸುವಾಗಿನ ಈ ನಷ್ಟವನ್ನೇ ವಿಷಯವಾಗಿಸಿಕೊಂಡು ಪಿಎಚ್ 5 ಮತ್ತು 7ರಲ್ಲಿ ಅಳೆದರು. 1981ರಲ್ಲಿ ಬ್ರಿಟನ್ನಿನ ಗಾರ್ಡ್ನರ್ ಮತ್ತು ಹಂಟ್ ಕುಡಿಯುವ ನೀರಿನ ಸೀಸವನ್ನು ಹಿಡಿದು ಹೊರಟರು. ಸೀಸದ ಕೊಳಾಯಿಗಳ ಆ ದೇಶದಲ್ಲಿ ಅದು ಬರೀ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಒಂದು ಸಣ್ಣ ಲೆಕ್ಕ ನೋಡಿ. ಲೀಟರಿಗೆ 10 ಮೈಕ್ರೋಗ್ರಾಂ ಸೀಸ ಭಾರತದ ಕುಡಿಯುವ ನೀರಿನ ಮಿತಿ. ಅಂಥ 50 ಮಿಲಿಲೀಟರ್ ನೀರಿನಲ್ಲಿರುವುದು ಅರ್ಧ ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಂನ ಇಪ್ಪತ್ತು ಲಕ್ಷದಲ್ಲೊಂದು ಪಾಲು. ಪೊರೆಯ ಮೈ, ಗಾಜಿನ ಆಲಿಕೆ, ಕೆಳಗಿನ ಜಾಲರಿ ಇಷ್ಟನ್ನು ಹಿಡಿದಿಟ್ಟುಕೊಳ್ಳುವುದು ಏನು ಕಷ್ಟ? ಪಿಎಚ್ ಏರಿದಂತೆ ಈ ಮೇಲ್ಮೈಗಳ ಋಣ ವಿದ್ಯುದಂಶ ಹೆಚ್ಚಿ, ಧನ ಅಯಾನುಗಳಾದ ಲೋಹಗಳು ಇನ್ನೂ ಗಟ್ಟಿಯಾಗಿ ಅಂಟುತ್ತವೆ. ಪೊರೆಯನ್ನು ಆಮ್ಲದಲ್ಲಿ ತೊಳೆದು ಅದನ್ನೂ ಅಳೆದರೆ ಸರಿಹೋಗುವುದಿಲ್ಲವೇ ಎನ್ನಬಹುದು. ಅಂಟಿದ ಸೀಸ ಆಗ ‘ಕಣರೂಪದ’ ಖಾತೆಗೆ ಜಮೆಯಾಗುತ್ತದೆ. ಒಟ್ಟು ಮೊತ್ತ ಸರಿ, ಹಂಚಿಕೆ ತಪ್ಪು.

ಮೊದಲು ಇಳಿದ ನೀರನ್ನು ಚೆಲ್ಲಿ, ಪೊರೆಯ ಹಸಿವು ತೀರಿದ ಮೇಲೆ ಮಾದರಿ ಹಿಡಿಯುವುದು ಒಂದು ಉಪಾಯ. ಆದರೆ ಹೆಚ್ಚು ಸೋಸಿದಷ್ಟೂ ಇನ್ನೊಂದು ತೊಡಕು. ನಮ್ಮ ಕಾಫಿ ಫಿಲ್ಟರಿನಲ್ಲಿ ನುಣ್ಣನೆ ಪುಡಿ ತೂತು ಕಟ್ಟಿ ಡಿಕಾಕ್ಷನ್ ಹನಿಯುವುದೇ ನಿಧಾನವಾಗುವಂತೆ, ಕೆಸರು ನೀರಿನಲ್ಲಿ ರಂಧ್ರಗಳು ಮುಚ್ಚಿಕೊಂಡು, 0.45ರ ಪೊರೆ ಅದಕ್ಕಿಂತ ಸಣ್ಣ ಕಣಗಳನ್ನೂ ತಡೆಯತೊಡಗುತ್ತದೆ. ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ಆರ್ಥರ್ ಹೊರೊವಿಟ್ಜ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನು ಬಿಡಿಸಿ ತೋರಿಸಿದರು: ಒಂದೇ ನದಿಯ ನೀರು, ಒಂದೇ ರಂಧ್ರ, ಆದರೂ ಪೊರೆಯ ಬಗೆ, ವ್ಯಾಸ, ಸೋಸಿದ ಪ್ರಮಾಣ ಬದಲಾದರೆ ಕಬ್ಬಿಣ, ಅಲ್ಯೂಮಿನಿಯಂ ಅಂಕಿಗಳೂ ಬದಲು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತಿ ಮುಜುಗರದ ಫಲಿತಾಂಶ ಇದೇ. ನದಿ ಶುದ್ಧವಾಯಿತೋ, ಫಿಲ್ಟರ್ ಬದಲಾಯಿತೋ ಎಂದು ಹಳೆಯ ದಾಖಲೆ ನೋಡಿ ಹೇಳುವುದು ಹೇಗೆ?

ಆ ಬಳಿಕ ದೊಡ್ಡ ಮೇಲ್ಮೈಯ ಕ್ಯಾಪ್ಸೂಲ್ ಫಿಲ್ಟರುಗಳು ಬಂದವು. ಸ್ಥಳದಲ್ಲೇ ಸೋಸಿ, ಆಮೇಲಷ್ಟೇ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸುವುದು ಕ್ರಮವಾಯಿತು. ಮೊದಲೇ ಆಮ್ಲ ಹಾಕಿದರೆ ಕಣಗಳೇ ಕರಗುತ್ತವೆ, ತಡಮಾಡಿದರೆ ಬಾಟಲಿಯ ಗೋಡೆ ಲೋಹ ಕದಿಯುತ್ತದೆ. ಸಾಗರ ವಿಜ್ಞಾನಿಗಳ ಜಿಯೋಟ್ರೇಸಸ್ ಕಾರ್ಯಕ್ರಮ 0.2ರ ರಂಧ್ರ ಆರಿಸಿಕೊಂಡಿತು.

ಸೋಸುವ ಗೊಡವೆಯೇ ಬೇಡವೆಂದವರೂ ಇದ್ದಾರೆ. 1994ರಲ್ಲಿ ಲ್ಯಾಂಕಾಸ್ಟರಿನ ಬಿಲ್ ಡೇವಿಸನ್ ಮತ್ತು ಹಾವೊ ಜಾಂಗ್ ನೀರಿನಲ್ಲೇ ಇಳಿಬಿಡುವ ಜೆಲ್ ಬಿಲ್ಲೆಯನ್ನು ಪ್ರಕಟಿಸಿದರು. ಲೋಹ ತಾನಾಗಿ ಜೆಲ್ಲಿನಲ್ಲಿ ಹರಡಿ ಅದರ ಹಿಂಬದಿಯ ರಾಳದಲ್ಲಿ ಸೆರೆಯಾಗುತ್ತದೆ. ಇಂದು ಕೊಳ್ಳಲು ಸಿಗುವ ಬಿಲ್ಲೆಗಳಲ್ಲಿ ಜೆಲ್ಲಿಗೆ ಕೆಸರು ತಾಗದಿರಲೆಂದು ಎದುರಿಗೆ ಒಂದು ಪೊರೆ ಇಟ್ಟಿರುತ್ತಾರೆ. ಅದರ ರಂಧ್ರ ಸಾಮಾನ್ಯವಾಗಿ 0.45 ಮೈಕ್ರೋಮೀಟರ್.