ಬೆಂಗಳೂರು ಆಡುಮಾತಿನ ತಮಾಷೆ ಪದಗಳು

ಬೆಂಗಳೂರು, ಮೈಸೂರು ಸೀಮೆಯ ಕಾಲೇಜು ಹುಡುಗರು, ಆಟೋ ಚಾಲಕರು, ಸಿನಿಮಾ ಮಂದಿಯ ಬಾಯಲ್ಲಿ ಬೆಳೆದ ಪದಗಳಿವು. ಹಳೆಯ ಪದಕ್ಕೆ ಹೊಸ ಅರ್ಥ ಕೊಡುವುದು, ಪರಭಾಷೆಯ ಪದವನ್ನು ಒಗ್ಗಿಸಿಕೊಳ್ಳುವುದು ಇಂಥ ಪದಗಳು ಹುಟ್ಟುವ ಮುಖ್ಯ ಬಗೆಗಳು.

ಸುಳ್ಳಿಗೇ ಇಲ್ಲಿ ದೊಡ್ಡ ಸಂಸಾರವಿದೆ: ‘ಕಾಗೆ ಹಾರಿಸು’, ‘ರೀಲು ಬಿಡು’, ‘ಓಳು ಬಿಡು’. ಬೇಸರ ಬರುವಷ್ಟು ಮಾತಾಡುವವನು ‘ಕೊರೀತಾನೆ’, ‘ಕುಯ್ತಾನೆ’. ವಂಚಿಸುವವನು ‘ಟೋಪಿ’ಯನ್ನೋ ‘ಪಂಗನಾಮ’ವನ್ನೋ ಹಾಕುತ್ತಾನೆ. ಹಿಂದಿಯಲ್ಲಿ ಹೋತವಾದ ‘ಬಕ್ರಾ’ ಇಲ್ಲಿ ಸುಲಭವಾಗಿ ಮೋಸಹೋಗುವ ಬಡಪಾಯಿ. ಚೆನ್ನಾಗಿರುವುದೆಲ್ಲ ‘ಸಕತ್’, ‘ಬೊಂಬಾಟ್’.

ಕರೆಯುವಾಗ ಒಬ್ಬನೇ ಗೆಳೆಯ ‘ಗುರು’ವೂ ಹೌದು, ‘ಮಗಾ’ನೂ ಹೌದು.

ಬರಹದಲ್ಲಿ, ಪದಗಳಿಗೆ ನಗೆಯ ಅರ್ಥ ಕೊಟ್ಟ ಪ್ರಸಿದ್ಧ ಕೃತಿ ನಾ. ಕಸ್ತೂರಿಯವರ ‘ಅನರ್ಥಕೋಶ’. ಆಡುಮಾತಿನ ‘ಬೊಂಬಾಟ್’ (2008), ‘ಚಮಕ್’ (2017) ಚಲನಚಿತ್ರಗಳ ಹೆಸರುಗಳೂ ಆಗಿವೆ.